ತಟ್ಟಿದರೆ ಬಿಡಬೇಕು

ಮಾರ್ಚ್ 4, ಮಂಗಳವಾರ. ರಾತ್ರಿ 8

ತೊಡೆ ಎರಡೂ ಮುಷ್ಕರ ಹೂಡಿವೆ. ಕ್ಲಾಸಿನಿಂದ ಕಂಬಿ ಹಿಡಿದುಕೊಂಡೇ ಮೆಟ್ಟಿಲು ಇಳಿದೆ. ಬಿಸಿನೀರು, ಮುಲಾಮು, ಚಹಾ — ಎಲ್ಲ ಆಯಿತು. ಈಗ ಕೂತಿದ್ದೇನೆ. ಏಳುವುದು ಹೇಗೆಂದು ಆಮೇಲೆ ನೋಡಬೇಕು.

ಬ್ಯಾಂಕಿನವಳಿಗೆ ವರ್ಗವಾಯಿತಂತೆ. ಇಷ್ಟು ದಿನ ನನ್ನನ್ನು ನೆಲಕ್ಕೆ ಕೆಡವುತ್ತಿದ್ದವಳು ಅವಳೇ. ಕೋಚ್ ತೂಕ ನೋಡಿ ಹೊಸ ಜೋಡಿ ಹಾಕಿದಳು. ನನ್ನ ಪಾಲಿಗೆ ಬಂದವರು ಒಬ್ಬ ಟೀಚರ್. ಪ್ರೈಮರಿ ಶಾಲೆಯಲ್ಲಿ ಲೆಕ್ಕ ಹೇಳಿಕೊಡುತ್ತಾರೆ. ನನಗಿಂತ ಒಂದೆರಡು ವರ್ಷ ದೊಡ್ಡವರಿರಬೇಕು — ಐವತ್ಮೂರೋ ಐವತ್ನಾಲ್ಕೋ. ಮಾತು ಕಡಿಮೆ. ಬಂದವರೇ ಕನ್ನಡಕ ತೆಗೆದು, ಒರೆಸಿ, ಬಲಗಾಲಿನ ಶೂ ಒಳಗೆ ಇಟ್ಟರು. ಕನ್ನಡಕದ ಅಂಗಡಿಯಲ್ಲಿ ಇಷ್ಟು ವರ್ಷ ಸವೆದವಳ ಕಣ್ಣೆದುರಿಗೇ... ಶೂ ಒಳಗೆ! ಬಾಯಿಗೆ ಬಂದದ್ದನ್ನು ನುಂಗಿಕೊಂಡೆ.

ಅಂಗಡಿ ಕೆಳಗೆ, ಕ್ಲಾಸು ಮೇಲೆ. ನಾನು ಸೇರಿದ್ದು ಆ ಒಂದೇ ಕಾರಣಕ್ಕೆ. "ಹೀಗೇ ಕೂತಿದ್ರೆ ಮೂಳೆ ಸೀಮೆಸುಣ್ಣ ಆಗುತ್ತೆ, ಏನಾದ್ರೂ ಮಾಡಿ" ಅಂದಿದ್ದರು ಮೂಳೆ ಡಾಕ್ಟರು. ಹತ್ತಿರದಲ್ಲಿ ಸಿಕ್ಕ 'ಏನಾದರೂ' ಇದು. ಬೋರ್ಡಿನಲ್ಲಿ 'ಮಹಿಳೆಯರಿಗೆ ಆತ್ಮರಕ್ಷಣೆ' ಎಂದಿದೆ. ಯಾರಿಂದ ಎಂದು ನಾನು ಯೋಚಿಸಿದವಳಲ್ಲ. ನನಗೆ ಸೀಮೆಸುಣ್ಣದಿಂದ ಆದರೆ ಸಾಕು.

ಇವತ್ತು ಮೊಣಕೈ ಲಾಕ್. ಒಬ್ಬರು ಇನ್ನೊಬ್ಬರ ತೋಳು ಹಿಡಿದು ತಿರುಚುವುದು. ನೋವಾದ ಕೂಡಲೇ ನೋವಾದವರು ಮ್ಯಾಟಿನ ಮೇಲೋ ಎದುರಿನವರ ಮೈಮೇಲೋ ಎರಡು ಸಲ ತಟ್ಟಬೇಕು. ಕೋಚಿಗೆ ಇನ್ನೂ ಇಪ್ಪತ್ತೆಂಟು, ಕೊರಳಲ್ಲಿ ಸೀಟಿ, ಆದರೆ ಈ ವಿಷಯ ಬಂದರೆ ನಮ್ಮೆಲ್ಲರ ಅಜ್ಜಿ. "ತಟ್ಟಿದ್ರೆ ಬಿಡ್ಬೇಕು. ಯಾಕೆ, ಏನು ಅಂತ ಕೇಳೋ ಹಾಗಿಲ್ಲ. ತಟ್ಟಿದ್ರು, ಬಿಟ್ರಿ. ಅಷ್ಟೇ."

ಟೀಚರ್ ತಟ್ಟಲಿಲ್ಲ. ನಾನು ತಿರುಚಿದೆ. ಮತ್ತಷ್ಟು ತಿರುಚಿದೆ. ಮುಖ ನೋಡಿದರೆ ಬಸ್ಸಿಗೆ ಕಾಯುವವರ ಮುಖ. ಕೊನೆಗೆ ಕೋಚೇ ಸೀಟಿ ಊದಿ ಬಿಡಿಸಿದಳು.

"ನೋವಾಗ್ಲಿಲ್ವಾ ಟೀಚರ್?"

"ಆಯ್ತು."

"ಮತ್ತೆ ತಟ್ಟೋದಲ್ವಾ?"

"ಮರೆತೆ."

ಅಕ್ಕನಿಗೆ ಹೇಳಿದರೆ ನಕ್ಕಳು. ಭಾವ ಹೋದ ಮೇಲೆ ಅಕ್ಕ ನನ್ನ ಜೊತೆಯೇ ಇದ್ದಾಳೆ. ನನ್ನ ಕ್ಲಾಸು ಅವಳಿಗೆ ಟೀವಿ ಸೀರಿಯಲ್ಲಿಗಿಂತ ಹೆಚ್ಚು. "ನೀ ಹೊಡೆದಂಗೆ ಮಾಡು, ನಾ ಅತ್ತಂಗೆ ಮಾಡ್ತೀನಿ — ಅದೇ ತಾನೇ ನಿಮ್ಮ ಕ್ಲಾಸು? ಅವರು ಅಳೋದು ಮರೆತಿದ್ದಾರೆ ಅಷ್ಟೇ."

ಮಾರ್ಚ್ 7, ಶುಕ್ರವಾರ

ಬೀಳುವ ಪಾಠ. ಹಿಂದಕ್ಕೆ, ಪಕ್ಕಕ್ಕೆ. ಗದ್ದ ಎದೆಗೆ, ಬೆನ್ನು ದುಂಡಗೆ, ಅಂಗೈಯಿಂದ ನೆಲ ಹೊಡೆಯುವುದು. ತಲೆ ಮಾತ್ರ ನೆಲ ಮುಟ್ಟಬಾರದು. ಕಾಲೇಜು ಹುಡುಗಿಯರಿಗೆ ಇದು ಬೇಜಾರು. ಒದೆಯುವುದು ಯಾವಾಗ ಎಂದು ಕೇಳುತ್ತಲೇ ಇರುತ್ತಾರೆ.

ಟೀಚರಿಗೆ ಮಾತ್ರ ಬೀಳುವುದೇ ಬೇಕು. ಎಲ್ಲರೂ ನೀರು ಕುಡಿಯಲು ಹೋದರೆ ಇವರೊಬ್ಬರೇ ಮೂಲೆಯಲ್ಲಿ ಬಿದ್ದು ಏಳುತ್ತಿದ್ದರು. ಲೆಕ್ಕದ ಟೀಚರಲ್ಲವೇ, ಮಗ್ಗಿ ಬಾಯಿಪಾಠ ಮಾಡಿದ ಹಾಗೆ. ಆಮೇಲೆ ಕೋಚಿನ ಹತ್ತಿರ ಹೋಗಿ ಕೇಳಿದರು:

"ಹಿಂದೆ ಗೋಡೆ ಇದ್ರೆ?"

"ಗೋಡೇನಾ? ಇಲ್ಲಿ ಗೋಡೆ ದೂರ ಇದೆಯಲ್ಲ ಟೀಚರ್."

"ಇದ್ರೆ ಅಂದೆ. ಮೇಜಿನ ಅಂಚಿದ್ರೆ? ಪಕ್ಕಕ್ಕೆ ತಿರುಗಿ ಬೀಳಬಹುದಾ?"

ಕೋಚ್ ತಲೆ ಕೆರೆದುಕೊಂಡಳು. ಆಮೇಲೆ ತಿರುಗಿ ಬೀಳುವುದನ್ನು ತೋರಿಸಿಕೊಟ್ಟಳು. ಟೀಚರ್ ಅದನ್ನೂ ಮಗ್ಗಿ ಮಾಡಿಕೊಂಡರು.

ನನ್ನ ಸೊಂಟ ನನ್ನದಲ್ಲ.

ಮಾರ್ಚ್ 12, ಬುಧವಾರ. ಅಂಗಡಿಯಿಂದ ಬಂದ ಮೇಲೆ

ಟೀಚರ್ ಅಂಗಡಿಗೆ ಬಂದಿದ್ದರು. ಕನ್ನಡಕ ಕರ್ಚೀಫಿನಲ್ಲಿ ಸುತ್ತಿತ್ತು.

"ಇದರ ಮೇಲೆ ಕೂತ್ಕೊಂಡ್ಬಿಟ್ಟೆ."

ಕೂತ ಕನ್ನಡಕ ನನಗೆ ಗೊತ್ತು. ವಾರಕ್ಕೊಂದಾದರೂ ಬರುತ್ತದೆ. ಕೂತರೆ ಎರಡೂ ಕಡ್ಡಿ ಅಗಲವಾಗಿ ಫ್ರೇಮು ಚಪ್ಪಟೆಯಾಗುತ್ತದೆ. ಇದರದು ಒಂದೇ ಕಡ್ಡಿ ತಿರುಚಿತ್ತು. ಮೂಗಿನ ಪ್ಯಾಡ್ ಒಂದು ಕಡೆ ಮಾತ್ರ ಒಳಕ್ಕೆ ಹೋಗಿತ್ತು. ಅವರ ಮೂಗಿನ ಆ ಬದಿಯಲ್ಲೂ ಸಣ್ಣ ಗಾಯ. ಕೂರುವಾಗ ಮೂಗು ಎಲ್ಲಿತ್ತು ಎಂದು ಕೇಳಬಹುದಿತ್ತು. ಕೇಳಲಿಲ್ಲ. ಗಿರಾಕಿ ಹೇಳಿದ್ದೇ ಸತ್ಯ, ಊರ ಉಸಾಬರಿ ನನಗೇಕೆ.

ಬಿಸಿಗಾಳಿ ಮೆಷಿನ್ನಿಗೆ ಹಿಡಿದು ಕಡ್ಡಿ ನೆಟ್ಟಗೆ ಮಾಡಿದೆ. ಹಾಕಿ ನೋಡಲು ಕಿವಿಯ ಹಿಂದೆ ಕೈ ತಂದಾಗ ತಲೆ ಹಿಂದಕ್ಕೆಳೆದರು. ತಕ್ಷಣ ನಕ್ಕರು. "ನಿಮ್ಮ ಕೈ ತಣ್ಣಗಿದೆ" ಅಂದರು.

ಇರಲಿಲ್ಲ. ಬಿಸಿಗಾಳಿ ಮುಂದೆ ಹಿಡಿದ ಕೈ ಅದು.

ಮಾರ್ಚ್ 18, ಮಂಗಳವಾರ

ಬರೆಯಲು ಮನಸ್ಸಿಲ್ಲ. ಆದರೂ.

ಟೀಚರ ಮೊಣಕೈ ಉಳುಕಿದೆ. ಉಳುಕಿಸಿದವಳು ನಾನು.

ಅದೇ ಲಾಕ್. ನಾನು ಹಿಡಿದಿದ್ದೆ. ತಟ್ಟಲಿಲ್ಲ, ಹಾಗಾಗಿ ಇನ್ನೂ ನೋವಿಲ್ಲ ಅಂದುಕೊಂಡೆ. ಇನ್ನೊಂದಿಷ್ಟು ಒತ್ತಿದೆ. ಒಳಗೆ ಏನೋ 'ಕಟ್' ಅಂದದ್ದು ನನ್ನ ಕೈಗೆ ಗೊತ್ತಾಯಿತು. ಬಿಟ್ಟೆ. ಅವರು ಕೂಗಲೂ ಇಲ್ಲ. ಮ್ಯಾಟ್ ನೋಡಿಕೊಂಡು ಮಲಗಿದ್ದರು.

"ತಟ್ಟಲೇ ಇಲ್ವಲ್ಲ ನೀವು!" ಅಂದೆ. ಜೋರಾಗಿಯೇ ಅಂದೆ.

ಕೋಚ್ ಐಸ್ ತಂದು ಕಟ್ಟಿದಳು. ಟೀಚರಿಗೆ ಏನೂ ಅನ್ನಲಿಲ್ಲ. ನನ್ನನ್ನು ಪಕ್ಕಕ್ಕೆ ಕರೆದಳು. "ತಟ್ಟೋಕೆ ಆಗದೇ ಇರೋರೂ ಇರ್ತಾರೆ ಆಂಟಿ. ಹಿಡ್ಕೊಂಡೋರಿಗೂ ಕಣ್ಣಿರಬೇಕು. ಮುಖ ನೋಡಿ, ಉಸಿರು ನೋಡಿ. ಅವರು ತಟ್ಟಲಿಲ್ಲ ಅನ್ನೋದು ನಿಮಗೆ ಲೈಸೆನ್ಸ್ ಅಲ್ಲ."

ಮಗಳ ವಯಸ್ಸಿನವಳಿಂದ ಬೈಸಿಕೊಂಡೆ. ಸರಿಯಾಗಿಯೇ ಬೈದಳು. ನಾಚಿಕೆಯಾಯಿತು.

ಮಾರ್ಚ್ 19, ಬುಧವಾರ

ಟೀಚರಿಗೆ ಫೋನ್ ಮಾಡಿದೆ. ಅವರ ಮಗ ತೆಗೆದ. ಬೆಣ್ಣೆಯಂಥ ದನಿ.

"ಅಮ್ಮ ಮಲಗಿದ್ದಾರೆ ಆಂಟಿ. ಡಾಕ್ಟರಿಗೆ ತೋರಿಸಿದೆ. ಮೂಳೆ ಏನೂ ಆಗಿಲ್ಲ. ನೀವು ತಲೆ ಕೆಡಿಸ್ಕೋಬೇಡಿ, ಕ್ಲಾಸಲ್ಲಿ ಇದೆಲ್ಲ ಇದ್ದದ್ದೇ ಅಲ್ವಾ?"

ಇಂಥ ಮಗ ಎಲ್ಲರಿಗೂ ಇರಲಿ ಎಂದಳು ಅಕ್ಕ. ನಾನೂ ಹೂಂ ಅಂದೆ.

ಮಾರ್ಚ್ 28, ಶುಕ್ರವಾರ

ಕ್ಲಾಸಿಗೆ ಬೀಗ. ಪೈಪು ಒಡೆದು ಮ್ಯಾಟಿನ ಅಡಿಯಲ್ಲಿ ನೀರು ನಿಂತಿದೆಯಂತೆ, ಹಲಗೆ ಉಬ್ಬಿವೆ. ಎಲ್ಲ ಕಿತ್ತು ಹೊಸದಾಗಿ ಹಾಕಬೇಕು. ಇನ್ನು ಎರಡು ವಾರ ರಜೆ. ಮೇಲಿನಿಂದ ಸುತ್ತಿಗೆ ಸದ್ದು, ಕೆಳಗೆ ಗಿರಾಕಿ ಒಂದು ಕಣ್ಣು ಮುಚ್ಚಿ "ಓದೋಕಾಗ್ತಿಲ್ಲ" ಎನ್ನುವುದು.

ಸೊಂಟಕ್ಕೆ ಹಬ್ಬ. ಅಕ್ಕ ಹೇಳಿದಳು, "ಗಿಡವಾಗಿ ಬಗ್ಗದ್ದು ಮರವಾಗಿ ಬಗ್ಗೀತೇನೆ? ಈಗಲಾದ್ರೂ ಬಿಡು." ಬಿಡುವುದಿಲ್ಲ. ಯಾಕೆ ಎಂದು ಗೊತ್ತಿಲ್ಲ. ಬಿದ್ದು ಎದ್ದಾಗ ಒಂದು ಥರ ಚೆನ್ನಾಗಿರುತ್ತದೆ.

ಏಪ್ರಿಲ್ 9, ಬುಧವಾರ. ಮಧ್ಯಾಹ್ನ 2

ಟೀಚರ ಶಾಲೆಯ ಡ್ರಾಯಿಂಗ್ ಮಾಸ್ಟರು ಕನ್ನಡಕಕ್ಕೆ ಬಂದಿದ್ದರು. ಮಾತಿನ ಮಲ್ಲ. ಲೆನ್ಸ್ ಕೂರಿಸುವಷ್ಟರಲ್ಲಿ ಅರ್ಧ ಸ್ಟಾಫ್ ರೂಮಿನ ಜಾತಕ ಓದಿದರು. ಮೇಲಿನ ಸುತ್ತಿಗೆ ಸದ್ದು ಕೇಳಿ ಏನದು ಎಂದರು. ಆತ್ಮರಕ್ಷಣೆ ಕ್ಲಾಸು, ರಿಪೇರಿ ನಡೀತಿದೆ ಎಂದೆ.

"ಓ, ಅದೇ ಕ್ಲಾಸಾ! ನಮ್ಮ ಲೆಕ್ಕದ ಟೀಚರ್ ಅಲ್ಲಿಗೇ ಹೋಗೋದು. ಪಾಪ ರೀ, ಯಾವಳೋ ಒಬ್ಬಳು ಒರಟು ಹೆಂಗಸು ಇವರ ಪಾರ್ಟ್ನರ್ ಅಂತೆ. ಎತ್ತಿ ಎತ್ತಿ ಒಗೀತಾಳಂತೆ. ನಿನ್ನೆ ಕೂಡ ಇಲ್ಲಿ ಇಷ್ಟು ದೊಡ್ಡ ಕಲೆ" — ತಮ್ಮ ಭುಜ ತೋರಿಸಿಕೊಂಡರು — "ನೀಲಿ ಅಂದ್ರೆ ನೀಲಿ. ಏನ್ರೀ ಟೀಚರ್ ಅಂದ್ರೆ, ಮೊನ್ನೆ ಕ್ಲಾಸಲ್ಲಿ ಆಯ್ತು ಅಂದ್ರು. ನಾವೆಲ್ಲ ಹೇಳಿದ್ವಿ, ಆ ಹೆಂಗಸಿನ ಮೇಲೆ ಕಂಪ್ಲೇಂಟ್ ಕೊಡಿ ಅಂತ."

ಸ್ಕ್ರೂ ಕೈಯಿಂದ ಜಾರಿ ನೆಲಕ್ಕೆ ಬಿತ್ತು. ಹುಡುಕುವ ನೆಪದಲ್ಲಿ ಬಗ್ಗಿ ಅಲ್ಲೇ ಸ್ವಲ್ಪ ಹೊತ್ತು ಇದ್ದೆ.

ಒರಟು ಹೆಂಗಸು ನಾನು. ಮೊನ್ನೆ ಕ್ಲಾಸು ಇರಲಿಲ್ಲ. ಹನ್ನೆರಡು ದಿನದಿಂದ ಇಲ್ಲ.

ಅದೇ ದಿನ, ಸಂಜೆ

ಮೊದಲು ಬಂದದ್ದು ಸಿಟ್ಟು. ಅಡಿಕೆಗೆ ಹೋದ ಮಾನ ಆನೆ ಕೊಟ್ಟರೂ ಬರುವುದಿಲ್ಲ. ನಾನು ಆಯಿತು ನನ್ನ ಅಂಗಡಿ ಆಯಿತು ಎಂದಿರುವವಳ ಹೆಸರನ್ನು ಶಾಲೆಯ ಸ್ಟಾಫ್ ರೂಮಿನಲ್ಲಿ ಹರಾಜು ಹಾಕುವುದೇ? ಅಕ್ಕನ ಮುಂದೆ ಕೂಗಾಡಿದೆ.

ಅಕ್ಕ ಕೂಗಾಡಲಿಲ್ಲ. ಬಟ್ಟೆ ಮಡಿಸುತ್ತಿದ್ದವಳು ನಿಲ್ಲಿಸಿ ಕೇಳಿದಳು. "ನಿನ್ನ ಕೈ ಅಲ್ಲದಿದ್ರೆ ಯಾರ ಕೈ ಅದು? ಮನೇಲಿ ಯಾರ್ಯಾರಿದ್ದಾರೆ?"

"ಗಂಡ ಇಲ್ಲ. ಮಗ ಒಬ್ಬನೇ."

ಅಕ್ಕ ಮತ್ತೆ ಮಡಿಸತೊಡಗಿದಳು. ಒಂದೇ ಟವೆಲನ್ನು ಮಡಿಸಿ, ಬಿಚ್ಚಿ, ಮಡಿಸಿದಳು.

ಕಡ್ಡಿ, ಮೂಗಿನ ಪ್ಯಾಡು, ಗೋಡೆ, ಮೇಜಿನ ಅಂಚು. ಎಲ್ಲ ನನ್ನ ಕಣ್ಣ ಮುಂದೆಯೇ ಇತ್ತು. ಊರಿಗೆಲ್ಲ ಕಣ್ಣು ಸರಿ ಮಾಡುವವಳು.

ಏಪ್ರಿಲ್ 15, ಮಂಗಳವಾರ

ಕ್ಲಾಸು ಶುರು. ಹೊಸ ಮರದ ವಾಸನೆ. ಮುಗಿದ ಮೇಲೆ ಮೆಟ್ಟಿಲ ಮೇಲೆ ಟೀಚರನ್ನು ಹಿಡಿದೆ. ಉಳಿದವರೆಲ್ಲ ಇಳಿದು ಹೋಗುವವರೆಗೆ ಕಾದೆ.

"ಟೀಚರ್, ನಾನು ಒರಟಾ?"

ಅವರಿಗೆ ಅರ್ಥವಾಯಿತು. ಮೆಟ್ಟಿಲ ಮೇಲೆ ಕೂತು ಶೂ ಲೇಸು ಬಿಚ್ಚಿ ಮತ್ತೆ ಕಟ್ಟಿದರು.

"ತಪ್ಪಾಯ್ತು. ಸ್ಟಾಫ್ ರೂಮಲ್ಲಿ ಕೇಳ್ತಾರೆ. ಮೊದಮೊದಲು ಬಾಗಿಲು ತಗುಲಿತು ಅಂತಿದ್ದೆ. ಎಷ್ಟು ಸಲ ಬಾಗಿಲು ತಗಲುತ್ತೆ ಹೇಳಿ? ಬಾತ್‌ರೂಮಲ್ಲಿ ಜಾರಿದೆ ಅಂದೆ, ಅದೂ ಹಳೇದಾಯ್ತು. ಒಂದಿನ ಇಲ್ಲಿ ಬೋರ್ಡು ನೋಡಿದೆ. ಸೇರಿದೆ. ಈಗ ಯಾರೂ ಕೇಳಲ್ಲ. ಈ ವಯಸ್ಸಲ್ಲೂ ಎಷ್ಟು ಧೈರ್ಯ ನಿಮಗೆ ಅಂತ ಹೊಗಳ್ತಾರೆ."

ಹೊಡೆಯುವುದು ಯಾರು ಎಂದು ನಾನು ಕೇಳಲಿಲ್ಲ. ಅವರೇ ಹೇಳಿದರು.

"ಕೆಟ್ಟವನಲ್ಲ ಅವನು. ಕೋಪ ಬಂದ್ರೆ ತಳ್ತಾನೆ. ಕೈ ಬೀಸ್ತಾನೆ. ಬೆಳಗ್ಗೆ ಕಾಲು ಹಿಡ್ಕೊಂಡು ಅಳ್ತಾನೆ. ಕಾಫಿ ಮಾಡ್ಕೊಡ್ತಾನೆ."

"ಈಗ ಕಲಿತಿದ್ದೀರಲ್ಲ. ಕೈ ತಿರುಚಿಬಿಡಿ ಒಂದು ಸಲ."

"ನಾನು ಹಿಡಿದು ಅಕ್ಷರ ತಿದ್ದಿಸಿದ ಕೈ ಅದು. ಅದನ್ನ ಹೇಗೆ ತಿರುಚ್ಲಿ? ಬೀಳೋದೊಂದು ಸರಿಯಾಗಿ ಬಂದ್ರೆ ಸಾಕು ನನಗೆ."

"ಇಲ್ಲಿ ತಟ್ಟೋದಕ್ಕೇನು ಕಷ್ಟ? ಇಲ್ಲಿ ನಾನಲ್ವಾ?"

"ಮನೇಲಿ ಸಾಕು ಅಂದ್ರೆ ಇನ್ನೂ ಜಾಸ್ತಿಯಾಗುತ್ತೆ. ಸುಮ್ನಿದ್ರೆ ಬೇಗ ಮುಗಿಯುತ್ತೆ. ಅದೇ ರೂಢಿ." ಸೋತವರ ಹಾಗೆ ಹೇಳಲಿಲ್ಲ. ಭಾಗಾಕಾರ ಬಿಡಿಸಿ ತೋರಿಸುವವರ ಹಾಗೆ ಹೇಳಿದರು.

"ಇನ್ನು ಮೇಲೆ ನನ್ನ ಹೆಸರು ಹೇಳ್ಬೇಡಿ" ಎಂದೆ.

"ಇಲ್ಲ. ಹೇಳಲ್ಲ."

ಹೇಳಬೇಕಾದ ಮಾತು ಬೇರೆ ಇತ್ತು. ಬಾಯಿಗೆ ಬಂದದ್ದು ಇದು. ಮನೆಗೆ ಬಂದು ಉಂಡೆ, ಪಾತ್ರೆ ತೊಳೆದೆ.

ಏಪ್ರಿಲ್ 18, ಶುಕ್ರವಾರ

ಕೋಚಿಗೆ ಹೇಳಿದೆ. ಅವಳು ಆಶ್ಚರ್ಯಪಡಲಿಲ್ಲ. "ಇಂಥೋರು ವರ್ಷಕ್ಕೆ ಒಬ್ಬಿಬ್ಬರಾದ್ರೂ ಬರ್ತಾರೆ ಆಂಟಿ. ನಾವು ಎಳ್ಕೊಂಡು ಬಂದ್ರೆ ವಾಪಸ್ ಹೋಗ್ತಾರೆ, ಆಮೇಲೆ ಇಲ್ಲಿಗೂ ಬರಲ್ಲ." ಹೆಂಗಸರಿಗೆ ಸಹಾಯ ಮಾಡುವ ಸಂಸ್ಥೆಯೊಂದರ ಕಾರ್ಡು ಕೊಟ್ಟಳು. ಕನ್ನಡಕ ಒರೆಸುವ ಬಟ್ಟೆಯ ಜೊತೆ ಟೀಚರಿಗೆ ಕೊಟ್ಟೆ. ನೋಡಿದರು. ಕನ್ನಡಕದ ಬಾಕ್ಸಿನೊಳಗೆ, ಬಟ್ಟೆಯ ಅಡಿಗೆ ಇಟ್ಟುಕೊಂಡರು.

ಹರಿದು ಎಸೆಯಲಿಲ್ಲ, ಅಷ್ಟು.

ಅಕ್ಕನಿಗೆ ಸಿಟ್ಟು ನೆತ್ತಿಗೇರಿದೆ. "ಹೆತ್ತವರಿಗೆ ಹೆಗ್ಗಣ ಮುದ್ದು. ಆದ್ರೆ ಹೆಗ್ಗಣ ಕಚ್ಚುತ್ತೆ ಅಂತ ಯಾರಾದ್ರೂ ಹೇಳ್ಬೇಕಲ್ಲ." ಅವಳಿಗೆ ಮಕ್ಕಳಿಲ್ಲ. ನನಗೂ ಇಲ್ಲ. ನಮಗೆ ಹೇಳುವುದು ಸುಲಭ.

ಏಪ್ರಿಲ್ 26, ಶನಿವಾರ. ಮಧ್ಯಾಹ್ನ 3, ಅಂಗಡಿಯಲ್ಲೇ

ಈಗಷ್ಟೇ ಹೋದ. ಬಿಲ್ಲಿನ ಹಿಂಬದಿಯಲ್ಲಿ ಬರೆಯುತ್ತಿದ್ದೇನೆ, ಮನೆಗೆ ಹೋಗಿ ಡೈರಿಯಲ್ಲಿ ಅಂಟಿಸಬೇಕು.

ಟೀಚರ ಮಗ. ಎತ್ತರ. ಇಸ್ತ್ರಿ ಮಾಡಿದ ಶರ್ಟು. ಕೊರಿಯರ್ ಆಫೀಸಿನ ಕೌಂಟರಿನಲ್ಲಿ ಕೆಲಸವಂತೆ, ಸಣ್ಣ ಅಕ್ಷರ ಓದಿ ಓದಿ ತಲೆನೋವು. ಕಣ್ಣಿನ ಚೀಟಿ ತಂದಿದ್ದ. ಒಳಗೆ ಬರುವಾಗ ಚಪ್ಪಲಿ ಒರೆಸಿಕೊಂಡು ಬಂದ.

"ಅಮ್ಮ ಯಾವಾಗಲೂ ನಿಮ್ಮ ವಿಷಯ ಹೇಳ್ತಿರ್ತಾರೆ ಆಂಟಿ."

ಕೂರಿಸಿದೆ. ಎರಡು ಪಾಪೆಗಳ ನಡುವಿನ ಅಳತೆ ತೆಗೆಯಬೇಕು. ಅದಕ್ಕೆ ಮೂಗಿನ ಮೇಲೆ ಸ್ಕೇಲಿಟ್ಟು, ಮುಖಕ್ಕೆ ಮುಖ ಕೊಟ್ಟು, ಒಬ್ಬರ ಕಣ್ಣು ಒಬ್ಬರು ನೋಡಬೇಕು. ಇಷ್ಟು ಹತ್ತಿರ ಎಷ್ಟೋ ಮುಖ ನೋಡಿದ್ದೇನೆ. ಇವನದು ಅಮ್ಮನದೇ ಮೂಗು.

"ನನ್ನ ಎಡಗಣ್ಣು ನೋಡಿ."

ನೋಡಿದ. ನೋಡುತ್ತಲೇ ಹೇಳಿದ, "ಅಮ್ಮಂಗೆ ಸ್ವಲ್ಪ ನಿಧಾನಕ್ಕೆ ಹೇಳ್ಕೊಡಿ ಆಂಟಿ. ಕ್ಲಾಸಿಂದ ಬಂದಾಗೆಲ್ಲ ಮೈಯೆಲ್ಲ ಪೆಟ್ಟು. ನನಗೆ ನೋಡೋಕಾಗಲ್ಲ."

ನಾಟಕವಾಡುತ್ತಿದ್ದಾನೆ ಎಂದು ಅನಿಸಲಿಲ್ಲ. ನಿಜಕ್ಕೂ ನಂಬಿದ್ದ. ಅಮ್ಮ ಊರಿಗೆ ಹೇಳಿದ ಸುಳ್ಳನ್ನು ಮಗ ಮನೆಗೆ ಒಯ್ದು ಹಾಸಿ ಮಲಗಿದ್ದ.

ನಾನು ಸುಮ್ಮನಿರಬೇಕಿತ್ತು. ಕೋಚ್ ಅಷ್ಟು ಹೇಳಿದ್ದಳು.

"ಏಪ್ರಿಲ್ ಮೊದಲಿಗೆ ಕ್ಲಾಸು ಎರಡು ವಾರ ಮುಚ್ಚಿತ್ತಲ್ಲ. ಆಗಿನ ಪೆಟ್ಟು ಯಾರದು?"

ಪಾಪೆ ದೊಡ್ಡದಾಯಿತು. ಅಳತೆ ಬದಲಾಗಲಿಲ್ಲ, ಪಾಪೆ ಎಷ್ಟೇ ಹಿಗ್ಗಿದರೂ ನಡುವಿನ ಅಂತರ ಅಷ್ಟೇ ಇರುತ್ತದೆ. ಗುರುತು ಹಾಕಿಕೊಂಡೆ.

"ಅಮ್ಮ ಏನಾದ್ರೂ ಹೇಳಿದ್ರಾ ಆಂಟಿ?"

"ಇಲ್ಲ. ಏನೂ ಹೇಳಿಲ್ಲ. ಈಗ ಬಲಗಣ್ಣು ನೋಡಿ."

ಫ್ರೇಮು ಆರಿಸಿದ. ಥ್ಯಾಂಕ್ಸ್ ಹೇಳಿದ. ಬಾಗಿಲನ್ನು ಸದ್ದಾಗದ ಹಾಗೆ ಎಳೆದುಕೊಂಡು ಹೋದ.

ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು. ಇವತ್ತು ಶನಿವಾರ. ನಾಳೆ ಇಬ್ಬರೂ ಮನೆಯಲ್ಲೇ ಇರುತ್ತಾರೆ. ಏನು ಮಾಡಿಬಿಟ್ಟೆ ನಾನು.

ಏಪ್ರಿಲ್ 27, ಭಾನುವಾರ

ಟೀಚರ ಫೋನ್ ಸ್ವಿಚ್ ಆಫ್.

ಏಪ್ರಿಲ್ 29, ಮಂಗಳವಾರ

ಟೀಚರ್ ಬರಲಿಲ್ಲ. ಕೋಚ್ ನನ್ನನ್ನು ಒಬ್ಬ ಕಾಲೇಜು ಹುಡುಗಿಗೆ ಜೋಡಿ ಹಾಕಿದಳು. ಅವಳು ಮುಟ್ಟಿದರೆ ತಟ್ಟುತ್ತಾಳೆ.

ಕೋಚಿಗೆ ಶನಿವಾರದ್ದು ಹೇಳಿದೆ. ಈ ಸಲ ಬೈಯಲಿಲ್ಲ. ಅದು ಇನ್ನೂ ಕಷ್ಟ.

ಮೇ 2, ಶುಕ್ರವಾರ

ಬರಲಿಲ್ಲ.

ಡ್ರಾಯಿಂಗ್ ಮಾಸ್ಟರಿಗೆ ಫೋನ್ ಮಾಡಿ ಕನ್ನಡಕ ಸರಿ ಹೊಂದುತ್ತಿದೆಯಾ ಎಂದು ಕೇಳಿದೆ. ಹೊಂದುತ್ತಿದೆಯಂತೆ. ಲೆಕ್ಕದ ಟೀಚರ್ ಹೇಗಿದ್ದಾರೆ ಎಂದೆ. ಶಾಲೆಯ ಬೇಸಿಗೆ ಶಿಬಿರದ ಡ್ಯೂಟಿಗೆ ರಜೆ ಹಾಕಿದ್ದಾರಂತೆ, ಜ್ವರವಂತೆ, ಮಗ ಬಂದು ಹೇಳಿ ಹೋದನಂತೆ.

ಭಯವಾಗುತ್ತಿದೆ. ಹೀಗೆ ಬರೆಯುವುದು ನನ್ನ ಜಾಯಮಾನವಲ್ಲ. ಆದರೆ ಭಯವಾಗುತ್ತಿದೆ.

ಮೇ 4, ಭಾನುವಾರ

ನಾನೂ ಅಕ್ಕನೂ ಅವರ ಮನೆಯ ಮುಂದೆ ಹೋಗಿ ಬಂದೆವು. ಮೂರನೇ ಮಹಡಿ. ಕಿಟಕಿಯಲ್ಲಿ ಬಟ್ಟೆ ಒಣಗುತ್ತಿತ್ತು. ಕ್ಲಾಸಿನ ಟ್ರ್ಯಾಕ್ ಪ್ಯಾಂಟು ಇತ್ತು. ಬಟ್ಟೆ ಒಗೆದಿದ್ದಾರೆ, ಅಂದರೆ ಓಡಾಡುತ್ತಿದ್ದಾರೆ ಎಂದಳು ಅಕ್ಕ. ಮಗನೂ ಒಗೆದಿರಬಹುದು ಎಂದು ನಾನು ಹೇಳಲಿಲ್ಲ.

ಬೆಲ್ ಒತ್ತಿದೆವು. ಯಾರೂ ತೆಗೆಯಲಿಲ್ಲ.

ಮೇ 6, ಮಂಗಳವಾರ. ತಡವಾಗಿದೆ, ಚಿಕ್ಕದಾಗಿ ಬರೆಯುವೆ

ಬಂದರು.

ಎಲ್ಲರಿಗಿಂತ ಮೊದಲೇ ಬಂದು ಗೋಡೆಗೆ ಒರಗಿ ನಿಂತಿದ್ದರು. ಉಸಿರೆಳೆದುಕೊಳ್ಳುವಾಗ ಪಕ್ಕೆ ಹಿಡಿದುಕೊಳ್ಳುತ್ತಿದ್ದರು. ಕನ್ನಡಕ ತೆಗೆದು ಶೂ ಒಳಗೆ ಇಟ್ಟರು. "ಇವತ್ತು ನೋಡ್ತಾ ಕೂತ್ಕೊಳ್ಳಿ" ಎಂದಳು ಕೋಚ್. "ಇಲ್ಲ. ಇವರ ಜೊತೆ ಮಾಡ್ತೀನಿ" ಎಂದರು.

ಮ್ಯಾಟಿನ ಮೇಲೆ ಕೂತೆವು. ಮೊಣಕೈ ಲಾಕ್. ನನಗೆ ಹಿಡಿಯುವ ಮನಸ್ಸೇ ಇರಲಿಲ್ಲ. ಸುಮ್ಮನೆ ಅವರ ಮುಂಗೈ ಮೇಲೆ ಕೈ ಇಟ್ಟೆ. ಹಿಡಿಯಲಿಲ್ಲ, ತಿರುಚಲಿಲ್ಲ.

ಟೀಚರ್ ತಟ್ಟಿದರು.

ಎರಡು ಸಲ. ತಕ್ಷಣ ಬಿಟ್ಟೆ. ಮತ್ತೆ ತಟ್ಟಿದರು. ನಾನು ಎರಡೂ ಕೈ ಮೇಲೆತ್ತಿ ತೋರಿಸಿದೆ, ಬಿಟ್ಟಿದ್ದೀನಿ ಟೀಚರ್, ನೋಡಿ. ತಟ್ಟುತ್ತಲೇ ಇದ್ದರು. ಅಂಗೈ ಅಗಲಿಸಿ, ಮ್ಯಾಟಿನ ಮೇಲೆ. ಹುಡುಗಿಯರೆಲ್ಲ ನಿಂತರು. ಕೋಚ್ ಸೀಟಿ ಬಾಯಿಗಿಟ್ಟವಳು ಊದಲಿಲ್ಲ. ಆ ಸದ್ದು ಎಷ್ಟು ಹೊತ್ತು ಕೇಳಿತೋ.

ಯಾಕೆ, ಏನು ಎಂದು ಕೇಳುವ ಹಾಗಿಲ್ಲ. ಕೇಳಲಿಲ್ಲ. "ಏಳಿ. ನಮ್ಮ ಮನೆಗೆ ಹೋಗೋಣ" ಎಂದೆ.

ದಾರಿಯಲ್ಲಿ ಅವರೇ ಹೇಳಿದರು. ಶನಿವಾರ ಅಂಗಡಿಯಿಂದ ಹೋದವನು "ಯಾರ ಹತ್ರ ಹೇಳಿದೆ?" ಎಂದು ಒಂದೇ ಸಮ ಕೇಳಿದನಂತೆ. ಅಡುಗೆಮನೆಯಲ್ಲಿ. ಒಂದು ಕಡೆ ಒಲೆ, ಒಂದು ಕಡೆ ಗೋಡೆ.

"ಚೆನ್ನಾಗಿ ಕಲಿತಿದ್ದೆ ನಾನು. ಗದ್ದ ಎದೆಗೆ ಇಟ್ಕೊಂಡೆ. ತಿರುಗಿದೆ. ಆದ್ರೆ ಬೀಳೋಕೆ ಜಾಗ ಇರಲಿಲ್ಲ."

"ನಾನು ಅವನಿಗೆ ಹಾಗೆ ಹೇಳಬಾರದಿತ್ತು. ನನ್ನಿಂದಲೇ ಆಯ್ತು" ಎಂದೆ.

"ನಿಮ್ಮ ಹೆಸರಲ್ಲಿ ಏನೇನೋ ಹಾಕಿದ್ದೆ ನಾನು. ಇದನ್ನ ಹಾಕಲ್ಲ."

ಮೊದಲು ಮೂಳೆ ಡಾಕ್ಟರ ಹತ್ತಿರ ಕರೆದುಕೊಂಡು ಹೋದೆ. ಎಕ್ಸ್‌ರೇ. ಪಕ್ಕೆಲುಬಿನಲ್ಲಿ ಬಿರುಕು. ಡಾಕ್ಟರು ನನ್ನ ಮುಖ, ಅವರ ಟ್ರ್ಯಾಕ್ ಪ್ಯಾಂಟು ನೋಡಿ ಬರೆದುಕೊಳ್ಳುತ್ತ ಕೇಳಿದರು, "ಕ್ಲಾಸಲ್ಲಿ ಆಯ್ತಾ?"

ಟೀಚರ್ ಕನ್ನಡಕ ಸರಿಮಾಡಿಕೊಂಡರು.

"ಅಲ್ಲ. ಮನೇಲಿ. ನನ್ನ ಮಗ."

ಡಾಕ್ಟರ ಪೆನ್ನು ನಿಂತಿತು. "ಹಾಗೇ ಬರೀರಿ" ಎಂದರು ಟೀಚರ್. ಕ್ಲಾಸಿನಲ್ಲಿ ಮಕ್ಕಳಿಗೆ ಹೇಳುವ ದನಿಯೇ ಇರಬೇಕು ಅದು. ಡಾಕ್ಟರು ಬರೆದರು.

ಈಗ ಅಕ್ಕನ ಮಂ‌ಚದಲ್ಲಿ ಮಲಗಿದ್ದಾರೆ. ಅಕ್ಕ ಪಕ್ಕದಲ್ಲಿ ಕೂತು ಯಾವುದೋ ಹಳೆಯ ಜೋಕು ಹೇಳುತ್ತಿದ್ದಾಳೆ. "ನಗಿಸ್ಬೇಡಿ, ಪಕ್ಕೆ ನೋಯುತ್ತೆ" ಎನ್ನುವುದು ಕೇಳಿಸಿತು.

ಮೇ 7, ಬುಧವಾರ. ಬೆಳಗ್ಗೆ 7

ಅಡುಗೆಮನೆ ಮೇಜು. ಮೂವರಿಗೂ ಚಹಾ ಆಯಿತು. ಟೀಚರ್ ಆ ಸಂಸ್ಥೆಯ ಕಾರ್ಡು ಹೊರಗೆ ತೆಗೆದು ಸಕ್ಕರೆ ಡಬ್ಬಿಗೆ ಒರಗಿಸಿ ಇಟ್ಟಿದ್ದಾರೆ. ಆಫೀಸು ಹತ್ತಕ್ಕೆ ತೆರೆಯುತ್ತದೆ. ಕೋಚೂ ಬರುತ್ತಾಳಂತೆ.

ಇನ್ನೊಂದು ವಿಷಯ ಈಗ ಹೇಳಿದರು. ರಾತ್ರಿಯೇ ಮಗನಿಗೆ ಮೆಸೇಜು ಹಾಕಿದ್ದಾರೆ — ಇಲ್ಲಿದ್ದೀನಿ, ಹುಡುಕಬೇಡ, ಫ್ರಿಜ್ಜಿನಲ್ಲಿ ಊಟ ಇದೆ ಎಂದು. ವಿಳಾಸ ಸಮೇತ. ಅಕ್ಕ ಹಣೆ ಚಚ್ಚಿಕೊಂಡಳು. ನನಗೆ ಬೈಯಲು ಆಗಲಿಲ್ಲ. ಮೂವತ್ತು ವರ್ಷ ಮಕ್ಕಳ ಹಾಜರಿ ಕೂಗಿದವರು, ಎಲ್ಲಿದ್ದೇನೆಂದು ಹೇಳದೆ ಹೇಗೆ ಇದ್ದಾರು.

ಕೆಳಗೆ ಬೈಕು ನಿಂತ ಸದ್ದು.

ಕಿಟಕಿಯಿಂದ ನೋಡಿದೆ. ಅವನೇ. ಇಸ್ತ್ರಿ ಶರ್ಟು. ಕೈಯಲ್ಲಿ ಫ್ಲಾಸ್ಕು. ಕಾಫಿ ತಂದಿದ್ದಾನೆ.

ಅಕ್ಕ ಬಾಗಿಲಿಗೆ ಚೈನ್ ಹಾಕಿದಳು. ಕೋಚಿಗೆ ಫೋನ್ ಮಾಡುತ್ತಿದ್ದಾಳೆ. "ನಾನು ಹೋಗಿ ನೀವಿಲ್ಲ ಅಂತೀನಿ, ಕ್ಲಾಸಿಗೆ ಹೋದ್ರು ಅಂತೀನಿ" ಎಂದೆ ಟೀಚರಿಗೆ.

"ಬೇಡ. ಕ್ಲಾಸಿನ ಹೆಸರು ಹೇಳ್ಬೇಡಿ. ಇಲ್ಲೇ ಇದ್ದೀನಿ, ಬರೋದಿಲ್ಲ. ನಾನೇ ಹೇಳ್ತೀನಿ."

ಬೆಲ್ ಆಯಿತು. ಒಂದೇ ಸಲ, ಮೆಲ್ಲಗೆ. "ಅಮ್ಮಾ" ಎಂದ.

ಟೀಚರ್ ಎದ್ದರು. ಪಕ್ಕೆ ಹಿಡಿದುಕೊಂಡೇ ಎದ್ದರು. ಕನ್ನಡಕ ತೆಗೆದರು, ಒರೆಸಿದರು, ಬಗ್ಗಲಾಗದೆ ಬಗ್ಗಿ, ಬಾಗಿಲ ಬಳಿ ಬಿಟ್ಟಿದ್ದ ಬಲಗಾಲಿನ ಶೂ ಒಳಗೆ ಇಟ್ಟರು. ಕೈ ತನ್ನಷ್ಟಕ್ಕೆ ಮಾಡಿದ ಕೆಲಸ. ಬೀಳುವವರ ಕೆಲಸ.

"ಹಾಕಿಕೊಳ್ಳಿ ಟೀಚರ್" ಎಂದೆ. "ಅವನ ಮುಖ ಸರಿಯಾಗಿ ಕಾಣ್ಬೇಕು ನಿಮಗೆ."

ನೋಡಿದರು. ಶೂನಿಂದ ತೆಗೆದು ಹಾಕಿಕೊಂಡರು. ಕಡ್ಡಿ ನೆಟ್ಟಗಿದೆ, ನಾನೇ ಮಾಡಿದ್ದು.

ಮತ್ತೆ ಬೆಲ್. ಈ ಸಲ ಬಿಡುತ್ತಿಲ್ಲ, ಒತ್ತಿಯೇ ಹಿಡಿದಿದ್ದಾನೆ. ಟೀಚರ್ ಬಾಗಿಲ ಹತ್ತಿರ ಹೋದರು. ಚೈನ್ ಇದೆ. ಕೈ ಅಗುಳಿಯ ಮೇಲಿದೆ. ತಿರುಗಿ ನನ್ನನ್ನು ನೋಡುತ್ತಿದ್ದಾರೆ. ನಾನು ಯಾಕೆ ಇನ್ನೂ ಬರೆಯುತ್ತ ಕೂತಿ—